ಬೆಲೆ ಬದಲಾದಾಗ ಗ್ರಾಹಕರಿಗೆ ಹೇಳುವುದು ಹೇಗೆ? ನಂದಿನಿಯ 50 ಮಿ.ಲೀ. ಲೆಕ್ಕ

ಕಾಫಿಪುಡಿ: 2024ರ ಜೂನ್ ನೆನಪಿದೆಯಾ? ನಂದಿನಿ ಅರ್ಧ ಲೀಟರ್ ಪ್ಯಾಕೆಟ್ 550 ಮಿ.ಲೀ. ಆಯಿತು, ಒಂದು ಲೀಟರ್ 1050 ಆಯಿತು. ಪ್ಯಾಕೆಟ್‌ಗೆ 2 ರೂಪಾಯಿ ಜಾಸ್ತಿ. ಇದು ಬೆಲೆ ಏರಿಕೆ ಅಲ್ಲ, ಹೆಚ್ಚು ಹಾಲಿಗೆ ಹೆಚ್ಚು ದುಡ್ಡು ಅಷ್ಟೇ ಎಂದು ಮುಖ್ಯಮಂತ್ರಿಗಳೇ ಹೇಳಿದರು. ಆದರೂ ಊರೆಲ್ಲ "ಹಾಲಿನ ರೇಟು ಏರಿತು" ಅಂತಲೇ ಮಾತು. ಹೇಳಿದ ರೀತಿಯೇ ಎಡವಟ್ಟಾಯಿತು ಅನ್ನುವುದು ನನ್ನ ವಾದ.

ಲೆಕ್ಕದ ಮೇಷ್ಟ್ರು: ಅದರಲ್ಲಿ ಸುಳ್ಳೇನಿದೆ? ನೀಲಿ ಪ್ಯಾಕೆಟ್ ಲೀಟರ್‌ಗೆ 42 ಇತ್ತು. ಆಮೇಲೆ 1050 ಮಿ.ಲೀ.ಗೆ 44. ಭಾಗಿಸಿ ನೋಡಿ, ಲೀಟರ್‌ಗೆ 41 ರೂಪಾಯಿ 90 ಪೈಸೆ. ಅಂದರೆ ಹತ್ತು ಪೈಸೆ ಕಮ್ಮಿಯೇ ಆಯಿತು. ಜನ ಲೆಕ್ಕ ಹಾಕದಿದ್ದರೆ ಹೇಳಿದವರು ಏನು ಮಾಡಬೇಕು?

ಬೂತ್ ಅಂಗಡಿ: ಮೇಷ್ಟ್ರೇ, ಬೆಳಿಗ್ಗೆ ಆರು ಗಂಟೆಗೆ ಹಾಲು ತಗೊಳ್ಳಲು ಬಂದವರು ಭಾಗಾಕಾರ ಮಾಡುತ್ತಾರಾ? ಅರ್ಧ ಲೀಟರ್ ಪ್ಯಾಕೆಟ್‌ಗೆ 22 ಕೊಡುತ್ತಿದ್ದ ಕೈ 24 ಕೊಡಬೇಕು. ಅವರಿಗೆ ಅದೇ ಬೆಲೆ.

ಕಾಫಿಪುಡಿ: ನನ್ನ ತಕರಾರೂ ಅದೇ. ಗ್ರಾಹಕ ಜೇಬಿನಿಂದ ಯೋಚಿಸುತ್ತಾನೆ, ಹೇಳುವವರು ಮಿಲಿಲೀಟರ್‌ನಿಂದ ಶುರು ಮಾಡಿದರು. ಇನ್ನೊಂದು ವಿಷಯ. ನನಗೆ ಅರ್ಧ ಲೀಟರ್ ಸಾಕಿತ್ತು ಅಂದರೆ ಆ 500 ಮಿ.ಲೀ. ಪ್ಯಾಕೆಟ್ಟೇ ಆಗ ಇರಲಿಲ್ಲ. ಬೇಡವಾದ 50 ಮಿ.ಲೀ.ಗೆ ದುಡ್ಡು ಕೊಡಿಸಿ "ಏರಿಕೆ ಅಲ್ಲ" ಅಂದರೆ ಕಿರಿಕಿರಿ ಆಗಲ್ವಾ? 2023ರ ಆಗಸ್ಟ್‌ನಲ್ಲಿ ಲೀಟರ್‌ಗೆ 39 ಇದ್ದದ್ದು ನೇರವಾಗಿ 42 ಆಯಿತು. ಗೊಣಗಿದರು ನಿಜ, ಆದರೆ ಏನಾಯಿತು ಅಂತ ಯಾರಿಗೂ ಗೊಂದಲ ಇರಲಿಲ್ಲ.

ಮಂಡ್ಯದವಳು: ನೀವೆಲ್ಲ ಕೊಳ್ಳುವವರ ಕಡೆಯಿಂದಲೇ ನೋಡುತ್ತಿದ್ದೀರಿ. ಆಗ ದಿನಕ್ಕೆ ಹತ್ತಿರ ಹತ್ತಿರ ಒಂದು ಕೋಟಿ ಲೀಟರ್ ಹಾಲು ಬರುತ್ತಿತ್ತು. ಸಂಘಕ್ಕೆ ರೈತ ತಂದ ಹಾಲನ್ನು ಬೇಡ ಅನ್ನುವ ಹಾಗಿಲ್ಲ. ಉಳಿದದ್ದನ್ನು ಪುಡಿ ಮಾಡಿ ಇಡಬೇಕು. ಪ್ರತಿ ಮನೆ 50 ಮಿ.ಲೀ. ಜಾಸ್ತಿ ತಗೊಂಡರೆ ಆ ಹಾಲು ಖರ್ಚಾಗುತ್ತದೆ. ಒಳ್ಳೆ ಕಾರಣ ಅದು! ಅದನ್ನೂ ಹೇಳಿದರು. ಆದರೆ ಮೊದಲು ಹೇಳಬೇಕಾದ್ದು "ಏರಿಕೆ ಅಲ್ಲ" ಅನ್ನುವುದರ ಹಿಂದೆ ಬಿದ್ದುಹೋಯಿತು.

ಜಾಹೀರಾತು ಬರೆಯುವವ: ನನ್ನ ಕೆಲಸವೇ ಇದು, ಅದಕ್ಕೆ ಬಾಯಿ ಹಾಕುತ್ತಿದ್ದೇನೆ. "ಅಲ್ಲ" ಅಂತ ಶುರು ಮಾಡಿದ ಕೂಡಲೇ ಜನರಿಗೆ ಅನುಮಾನ ಬರುತ್ತದೆ. ಜತೆಗೆ ಬಿಸ್ಕೆಟ್, ಶಾಂಪೂ ಕಂಪನಿಗಳು ನಮಗೆ ಒಂದು ಅಭ್ಯಾಸ ಮಾಡಿಸಿವೆ. ಪ್ಯಾಕೆಟ್ ಮೇಲೆ "ಹೆಚ್ಚುವರಿ" ಅಂತ ಇದ್ದರೆ ಬೆಲೆ ಹಳೆಯದೇ, ಮಾಲು ಜಾಸ್ತಿ. ಇಲ್ಲಿ ಹೆಚ್ಚುವರಿಗೂ ದುಡ್ಡು. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: "ನಾಳೆಯಿಂದ ಪ್ಯಾಕೆಟ್‌ಗೆ 24 ರೂಪಾಯಿ. ಹಾಲು 550 ಮಿ.ಲೀ. ರೈತರ ಹಾಲು ಜಾಸ್ತಿ ಬರುತ್ತಿದೆ, ಅದಕ್ಕೆ ಪ್ಯಾಕೆಟ್ ದೊಡ್ಡದು ಮಾಡಿದ್ದೇವೆ." ಅಷ್ಟೇ.

ಲೆಕ್ಕದ ಮೇಷ್ಟ್ರು: ಹಾಗೆ ಬರೆದಿದ್ದರೂ ಟೀವಿಯವರು "ಹಾಲು ದುಬಾರಿ" ಅಂತಲೇ ಹಾಕುತ್ತಿದ್ದರು, ಬಿಡಿ. 2025ರ ಏಪ್ರಿಲ್ 1ರಿಂದ ಲೀಟರ್‌ಗೆ 4 ರೂಪಾಯಿ ಏರಿಸಿ, ಅದು ರೈತರಿಗೆ ಎಂದು ನೇರವಾಗಿಯೇ ಹೇಳಿದರಲ್ಲ? ಆಗಲೂ ಬೈದರು.

ಮಂಡ್ಯದವಳು: ಬೈದರು, ಒಪ್ಪಿದೆ. ಆದರೆ ಆ 4 ರೂಪಾಯಿ ಯಾರಿಗೆ ಅಂತ ನಮ್ಮೂರಲ್ಲಿ ಎಲ್ಲರಿಗೂ ಗೊತ್ತಿತ್ತು. ಅದೇ ದಿನ ಆ 50 ಮಿ.ಲೀ. ವಾಪಸ್ ಹೋಗಿ ಪ್ಯಾಕೆಟ್ ಮತ್ತೆ ಹಳೇ ಅಳತೆಗೆ ಬಂದದ್ದು ಎಷ್ಟು ಜನರಿಗೆ ಗೊತ್ತು ಕೇಳಿ ನೋಡಿ.

ಬೂತ್ ಅಂಗಡಿ: ಜಾಹೀರಾತಿನವರೇ, ನಿಮ್ಮ ಮೂರು ಸಾಲು ಚೆನ್ನಾಗಿದೆ. ಆದರೆ ಎರಡನೇ ಸಾಲಿಗೇ ನಿಲ್ಲಿಸಿ. ಗಾಜಿನ ಮೇಲೆ ಅಂಟಿಸುವ ಚೀಟಿಯಲ್ಲಿ ಅಕ್ಷರ ದೊಡ್ಡದಿರಬೇಕು. ಯಾಕೆ ಅಂತ ಕೇಳಿದವರಿಗೆ ನಾನೇ ಹೇಳುತ್ತೇನೆ.

ಜಾಹೀರಾತು ಬರೆಯುವವ: ಸರಿ. ಆದರೆ ನಿಮಗೆ ಆ ಕಾರಣ ಹಿಂದಿನ ದಿನವೇ ಗೊತ್ತಿರಬೇಕಲ್ಲ, ಅದಕ್ಕೆ ಬೇರೆ ಚೀಟಿ ಬರೆಯಬೇಕು.