ಸಾಮ್ಯಗಳ ಯೆಹೂದಿ ಹಿನ್ನೆಲೆ: ಬೈಬಲ್ ಸ್ಟಡಿಯಲ್ಲಿ ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು?

ಫ್ರೇಜರ್‌ಟೌನ್_ಓದುಗ

ಎಲ್ಲರಿಗೂ ವಂದನೆ. ಬೆಂಗಳೂರಿನ ನಮ್ಮ ಕನ್ನಡ ಸಭೆಯಲ್ಲಿ ಬುಧವಾರದ ಬೈಬಲ್ ಸ್ಟಡಿಗೆ ಸಾಮ್ಯಗಳನ್ನು (ಯೇಸು ಹೇಳಿದ ದೃಷ್ಟಾಂತ ಕಥೆಗಳನ್ನು) ತೆಗೆದುಕೊಂಡಿದ್ದೇವೆ: ಒಳ್ಳೆಯ ಸಮಾರ್ಯದವನು, ದ್ರಾಕ್ಷೇತೋಟದ ಕೂಲಿಯಾಳುಗಳು, ಕ್ಷಮಿಸದ ಆಳು, ಹುಳಿಹಿಟ್ಟು. ಯೂಟ್ಯೂಬ್ ಪ್ರಸಂಗಗಳಲ್ಲಿ "ಯೆಹೂದ್ಯರ ಪದ್ಧತಿ ಹೀಗಿತ್ತು" ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಸಮಾರ್ಯದವನ ಸಾಮ್ಯದಲ್ಲಿ, ಕಳ್ಳರ ಹೊಡೆತ ತಿಂದು ದಾರಿಯಲ್ಲಿ ಬಿದ್ದವನನ್ನು ಯಾಜಕನೂ ದೇವಾಲಯದ ಸೇವಕನಾದ ಲೇವಿಯನೂ ಬಿಟ್ಟುಹೋಗ್ತಾರೆ, ಸಮಾರ್ಯದವನು ಆರೈಕೆ ಮಾಡ್ತಾನೆ. ಯಾಜಕನು ಗಾಯಾಳುವನ್ನು ಮುಟ್ಟದೆ ಹೋದದ್ದು ಮೈಲಿಗೆಯ ಭಯದಿಂದ ಅನ್ನೋದು ನಿಜವೇ? ಇಂಥವನ್ನು ಎಲ್ಲಿ ನೋಡಿ ಖಚಿತ ಮಾಡಿಕೊಳ್ಳೋದು?

ಹಳೇ_ಒಡಂಬಡಿಕೆ

ಮೈಲಿಗೆಯ ವಾದ ನಿಲ್ಲೋದಿಲ್ಲ ಬ್ರದರ್. ಯಾಜಕಕಾಂಡ 21:1–4ರಲ್ಲಿ ಹೆಣದ ನಿಷೇಧ ಇರುವುದು ಆರೋನನ ವಂಶದ ಯಾಜಕರಿಗೆ. ಲೇವಿಯರಿಗೆ ಅದು ಅನ್ವಯಿಸುವುದಿಲ್ಲ. ಬಿದ್ದವನಿಗೆ ಇನ್ನೂ ಜೀವವಿತ್ತು. ಮೇಲಾಗಿ ಯಾಜಕ ಆ ದಾರಿಯಲ್ಲಿ ಇಳಿದು ಬರುತ್ತಿದ್ದ (ಲೂಕ 10:31), ಅಂದರೆ ಯೆರೂಸಲೇಮನ್ನು ಬಿಟ್ಟು ಬರುತ್ತಿದ್ದ. ದೇವಾಲಯದ ಸೇವೆಗೆ ಹೊತ್ತಾಯಿತು ಎಂಬ ನೆಪವೂ ಇಲ್ಲ. ಸತ್ತೇ ಹೋಗಿದ್ದಾನೆ ಅಂದುಕೊಂಡಿದ್ದರೂ, ದಿಕ್ಕಿಲ್ಲದ ಹೆಣ ಕಂಡರೆ ಮಹಾಯಾಜಕನೇ ಮೈಲಿಗೆ ಲೆಕ್ಕಿಸದೆ ಮಣ್ಣು ಮಾಡಬೇಕೆಂದು ರಬ್ಬಿಗಳ ನಿಯಮಗಳ ಸಂಗ್ರಹವಾದ ಮಿಷ್ನಾ ಹೇಳುತ್ತದೆ (ನಾಜಿರ್ 7:1). ಜೀವಕ್ಕೆ ಅಪಾಯವಿದ್ದರೆ ಸಬ್ಬತ್ತಿನ ನಿಯಮವೂ ಹಿಂದೆ ಸರಿಯುತ್ತದೆ (ಯೋಮಾ 8:6). ಹಾಗಾಗಿ ಅವರಿಬ್ಬರೂ ತಪ್ಪಿತಸ್ಥರಾಗುವುದು ಯೆಹೂದ್ಯರ ಧರ್ಮಶಾಸ್ತ್ರದ ಪ್ರಕಾರವೇ. "ಅವರ ಧರ್ಮ ಕಠೋರ, ಯೇಸು ಮಾತ್ರ ಕರುಣಾಮಯಿ" ಅನ್ನುವ ಪ್ರಸಂಗಕ್ಕೆ ಈ ಸಾಮ್ಯ ಒದಗುವುದಿಲ್ಲ.

ಹೇಳಲೇಬೇಕಾದ ಹಿನ್ನೆಲೆ ಬೇರೆಯೇ ಇದೆ. ಯಾಜಕ, ಲೇವಿಯ, ಆಮೇಲೆ ಸಾಮಾನ್ಯ ಇಸ್ರಾಯೇಲ್ಯ: ಇದು ಆ ಜನಕ್ಕೆ ಬಾಯಿಪಾಠದ ಕ್ರಮ. ಸಭಾಮಂದಿರದಲ್ಲಿ ಧರ್ಮಶಾಸ್ತ್ರ ಓದುವ ಸರದಿಯೂ ಅದೇ (ಗಿಟ್ಟಿನ್ 5:8). ಇಬ್ಬರು ದಾಟಿ ಹೋದ ಮೇಲೆ ಕೇಳುಗ "ಮೂರನೆಯವನು ನಮ್ಮಂಥವನೇ" ಅಂದುಕೊಂಡಿರುತ್ತಾನೆ. ಆ ಜಾಗಕ್ಕೆ ಸಮಾರ್ಯದವನು ಬಂದು ನಿಲ್ಲುತ್ತಾನೆ. ಗೆರಿಜ್ಜೀಮ್ ಬೆಟ್ಟದ ಸಮಾರ್ಯರ ದೇವಾಲಯವನ್ನು ಯೆಹೂದ್ಯರ ಮಹಾಯಾಜಕನೂ ಆಡಳಿತಗಾರನೂ ಆಗಿದ್ದ ಯೋಹಾನ ಹಿರ್ಕಾನಸ್ ಕೆಡವಿಸಿ ಆಗಲೇ ನೂರು ವರ್ಷ ದಾಟಿತ್ತು; ಹಗೆ ಆರಿರಲಿಲ್ಲ.

2 ಪೂರ್ವಕಾಲವೃತ್ತಾಂತ 28:15ನ್ನು ಗುಂಪಿನಲ್ಲಿ ಗಟ್ಟಿಯಾಗಿ ಓದಿಸಿ. ಸೆರೆಹಿಡಿದ ಯೆಹೂದದವರಿಗೆ ಸಮಾರ್ಯದಲ್ಲಿ ಬಟ್ಟೆ ಉಡಿಸುತ್ತಾರೆ, ಎಣ್ಣೆ ಹಚ್ಚುತ್ತಾರೆ, ನಿತ್ರಾಣರಾದವರನ್ನು ಕತ್ತೆಯ ಮೇಲೆ ಕೂರಿಸಿ ಯೆರಿಕೋವಿಗೆ ಕರೆತರುತ್ತಾರೆ. ಯೇಸುವನ್ನು ಪ್ರಶ್ನಿಸಿ ಈ ಸಾಮ್ಯ ಕೇಳಿಸಿಕೊಂಡ ಧರ್ಮೋಪದೇಶಕನಿಗೆ ಈ ವಚನ ಗೊತ್ತಿಲ್ಲದೆ ಇರಲಾರದು. ನನ್ನ ಮಟ್ಟಿಗೆ ಇಡೀ ಸಾಮ್ಯಕ್ಕೆ ಇದಕ್ಕಿಂತ ಒಳ್ಳೆಯ ಹಿನ್ನೆಲೆ ಇಲ್ಲ.

ಲೆಕ್ಕದ_ಪುಸ್ತಕ

ಕ್ಷಮಿಸದ ಆಳಿನ ಸಾಮ್ಯಕ್ಕೆ ಬೋರ್ಡಿನ ಮೇಲೆ ಲೆಕ್ಕ ಬರೆಯಿರಿ. ಅರಸ ಆ ಆಳಿನ 10,000 ತಲಾಂತು ಸಾಲ ಬಿಟ್ಟುಬಿಡುತ್ತಾನೆ; ಆಳು ಮಾತ್ರ ತನ್ನ ಜೊತೆಯ ಆಳಿನ 100 ದಿನಾರಿ ಬಿಡುವುದಿಲ್ಲ. ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ. ಒಂದು ತಲಾಂತು ಸುಮಾರು 6,000 ದಿನಾರಿ. 10,000 ತಲಾಂತು ಅಂದರೆ ಆರು ಕೋಟಿ ದಿನದ ಕೂಲಿ. ಗಲಿಲಾಯ ಮತ್ತು ಪೆರಿಯದಿಂದ ಅಲ್ಲಿನ ಆಡಳಿತಗಾರ ಹೆರೋದ ಅಂತಿಪನಿಗೆ ವರ್ಷಕ್ಕೆ ಬರುತ್ತಿದ್ದುದು 200 ತಲಾಂತು ಎಂದು ಮೊದಲನೆಯ ಶತಮಾನದ ಯೆಹೂದಿ ಇತಿಹಾಸಕಾರ ಯೋಸೇಫಸ್ ಬರೆದಿದ್ದಾನೆ. ಆಳಿನ ಸಾಲ ಅಂಥ ಐವತ್ತು ವರ್ಷದ ಆದಾಯ. ಆದರೆ ಜೊತೆಯ ಆಳಿನ 100 ದಿನಾರಿಯನ್ನು "ಚಿಲ್ಲರೆ ಕಾಸು" ಅನ್ನಬೇಡಿ. ವಾರಕ್ಕೆ ಆರು ದಿನದಂತೆ ಅದು ನಾಲ್ಕು ತಿಂಗಳ ದುಡಿಮೆ. ನಿಜವಾದ ಸಾಲವನ್ನೇ ಬಿಡಬೇಕಾಗಿತ್ತು ಅನ್ನುವುದರಲ್ಲಿ ಸಾಮ್ಯದ ಬಿಸಿ ಇದೆ.

ಕೂಲಿಯಾಳುಗಳ ಸಾಮ್ಯದಲ್ಲಿ ಯಜಮಾನ ಸಾಯಂಕಾಲವೇ ಬಟವಾಡೆ ಮಾಡಿಸುವುದು ಔದಾರ್ಯವಲ್ಲ, ಆಜ್ಞೆ (ಧರ್ಮೋಪದೇಶಕಾಂಡ 24:15). ಔದಾರ್ಯ ಇರುವುದು ಮೊತ್ತದಲ್ಲಿ: ಕೊನೆಗೆ ಬಂದವರಿಗೂ ಪೂರ್ತಿ ದಿನದ ಕೂಲಿ. ನಮ್ಮ ಊರಿನ ಸರ್ಕಲ್‌ಗಳಲ್ಲಿ ಬೆಳಿಗ್ಗೆ ಹಾರೆ, ಬಾಂಡ್ಲಿ ಹಿಡಿದು ನಿಲ್ಲುವವರಲ್ಲಿ ಹನ್ನೊಂದಕ್ಕೂ ಕರೆ ಬಾರದೆ ಉಳಿದವರ ಮುಖ ನೆನಪಿಸಿದರೆ "ಯಾರೂ ನಮ್ಮನ್ನು ಕೂಲಿಗೆ ಕರೆಯಲಿಲ್ಲ" ಎಂಬ ಮಾತಿಗೆ ಬೇರೆ ವಿವರಣೆ ಬೇಡ.

ಹೋಲಿಸಿ ನೋಡಲು ಯೆರೂಸಲೇಮ್ ತಲ್ಮೂದಿನ (ಮಿಷ್ನಾದ ಮೇಲೆ ರಬ್ಬಿಗಳ ಚರ್ಚೆಗಳ ಗ್ರಂಥ) ಬೆರಾಖೋತ್ 2:8 ತೆಗೆಯಿರಿ. 28ನೇ ವಯಸ್ಸಿಗೆ ತೀರಿಕೊಂಡ ಒಬ್ಬ ರಬ್ಬಿಯ ಶೋಕಭಾಷಣ ಅದು. ಎರಡೇ ಗಂಟೆ ದುಡಿದ ಆಳಿಗೆ ಅರಸ ಪೂರ್ತಿ ಕೂಲಿ ಕೊಡುತ್ತಾನೆ. ಉಳಿದವರು ಗೊಣಗಿದರೆ, ಇವನು ಅಷ್ಟರಲ್ಲೇ ನಿಮ್ಮ ಇಡೀ ದಿನದ್ದಕ್ಕಿಂತ ಹೆಚ್ಚು ಕೆಲಸ ಮಾಡಿದ್ದಾನೆ ಅನ್ನುತ್ತಾನೆ. ಮತ್ತಾಯನ ಸುವಾರ್ತೆಯ ಕೂಲಿಯಾಳುಗಳ ಸಾಮ್ಯದಲ್ಲಿ ಅಂಥ ಸಮರ್ಥನೆ ಇಲ್ಲ. ಆದರೆ ಇದರಿಂದ "ರಬ್ಬಿಗಳಿಗೆ ಕೃಪೆ ಗೊತ್ತಿಲ್ಲ" ಅಂತ ತೀರ್ಪು ಕೊಡಬೇಡಿ. ಶೋಕಭಾಷಣದಲ್ಲಿ ಸತ್ತವನನ್ನು ಹೊಗಳುವುದು ಸಹಜ.

ಫ್ರೇಜರ್‌ಟೌನ್_ಓದುಗ

ತುಂಬಾ ಉಪಯೋಗವಾಯ್ತು. ಹುಳಿಹಿಟ್ಟು ಅಂದರೆ ಪಾಪದ ಗುರುತು ಅಂತ ಒಬ್ಬರು ಹಟ ಹಿಡಿದಿದ್ದಾರೆ. ತಪ್ಪಿಹೋದ ಮಗ ವಾಪಸ್ ಬಂದರೆ ಊರವರು ಮಡಕೆ ಒಡೆದು ಬಹಿಷ್ಕಾರ ಹಾಕ್ತಿದ್ದರು, ಅದಕ್ಕೇ ತಂದೆ ಓಡಿದ ಅನ್ನೋದು?

ಸಿಸ್ಟರ್_ರೂತಳು

ಪಸ್ಕ ಹಬ್ಬದಲ್ಲಿ ಹುಳಿ ತೆಗೆಯುತ್ತಾರೆ, ನಿಜ. ಆದರೆ ಪಂಚಾಶತ್ತಮ ಹಬ್ಬದ ಎರಡು ರೊಟ್ಟಿಗಳನ್ನು ಹುಳಿ ಹಾಕಿಯೇ ಸುಡಬೇಕು (ಯಾಜಕಕಾಂಡ 23:17). ಆದ್ದರಿಂದ ಹುಳಿಗೆ ಎಲ್ಲೆಡೆ ಒಂದೇ ಅರ್ಥ ಅಂಟಿಸಲಾಗದು. ಸಾಮ್ಯದ ಹೆಂಗಸು ಹುಳಿ ಬೆರೆಸುವ ಹಿಟ್ಟಿನ ಅಳತೆ ಗಮನಿಸಿ: ಮೂರು ಸೆಯಾ ಹಿಟ್ಟು, ವಿದ್ವಾಂಸರ ಲೆಕ್ಕದಲ್ಲಿ 22ರಿಂದ 40 ಲೀಟರ್. ಒಂದು ಮನೆಯ ಅಡುಗೆಯಲ್ಲ ಇದು. ಅಬ್ರಹಾಮನು ಮೂವರು ಅತಿಥಿಗಳಿಗೆ ನಾದಿಸಿದ್ದೂ ಇಷ್ಟನ್ನೇ (ಆದಿಕಾಂಡ 18:6).

ಮಡಕೆ ಒಡೆಯುವ ಪದ್ಧತಿ ಯೆರೂಸಲೇಮ್ ತಲ್ಮೂದಿನಲ್ಲಿದೆ. ಆದರೆ ಅದು ಪಿತ್ರಾರ್ಜಿತ ಹೊಲ ಮಾರಿದವನಿಗೆ, ತಕ್ಕದಲ್ಲದ ಮದುವೆಯಾದವನಿಗೆ. ಹಣ ಹಾಳುಮಾಡಿ ಬಂದ ಮಗನ ಪ್ರಸ್ತಾಪ ಅಲ್ಲಿಲ್ಲ, ಲೂಕನಲ್ಲಿ ಮಡಕೆಯೂ ಇಲ್ಲ. ಆ ಗ್ರಂಥ ರೂಪುಗೊಂಡದ್ದು ಕ್ರಿ.ಶ. 400ರ ಸುಮಾರಿಗೆ. ತಂದೆ ಓಡಿದ್ದು ಕನಿಕರದಿಂದ ಎಂದು ಲೂಕ 15:20 ತಾನೇ ಹೇಳುತ್ತದೆ.

ತಯಾರಿಗೆ ನಾನು ಹೇಳುವ ಕ್ರಮ: ಮೊದಲು ಹಳೇ ಒಡಂಬಡಿಕೆ, ಆಮೇಲೆ ಯೋಸೇಫಸ್, ಕೊನೆಗೆ ಸುಮಾರು ಕ್ರಿ.ಶ. 200ರ ಮಿಷ್ನಾ, ಅದಕ್ಕೂ ಈಚಿನ ತಲ್ಮೂದ್. ಕೆಳಗಿಳಿದಷ್ಟೂ "ಹೀಗಿತ್ತು" ಬದಲು "ಹೀಗಿದ್ದಿರಬಹುದು" ಅನ್ನಿ. ಮಿಷ್ನಾದ ಇಂಗ್ಲಿಷ್ ಅನುವಾದ ಸೆಫಾರಿಯಾ ಜಾಲತಾಣದಲ್ಲಿ ಉಚಿತ. ಗ್ರಂಥ, ಅಧ್ಯಾಯ, ವಾಕ್ಯ ಹೇಳದೆ "ಯೆಹೂದಿ ಪದ್ಧತಿ" ಎಂದಷ್ಟೇ ಅನ್ನುವ ವಿಡಿಯೊಗಳನ್ನು ಟಿಪ್ಪಣಿಗೆ ಸೇರಿಸಬೇಡಿ.