ಎಲ್‌ಇಡಿ ಟ್ಯೂಬ್ ಕಟ್ಟಿದರೂ ಕೊತ್ತಂಬರಿ ಸಸಿ ಸಣಕಲಾಗಿ ಬಾಗುತ್ತಿದೆ

ಉತ್ತರಬಾಗಿಲು:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಮೂರನೇ ಮಹಡಿಯ ಮನೆ ನಮ್ಮದು, ಬಿಸಿಲು ಒಳಗೆ ಇಣುಕುವುದೇ ಇಲ್ಲ. ಯುಟಿಲಿಟಿಯ ಶೆಲ್ಫಿನಲ್ಲಿ ಕೊತ್ತಂಬರಿ, ಮೆಂತ್ಯ ಬಿತ್ತಿ, ಮೇಲಿನ ಹಲಗೆಗೆ 20 ವ್ಯಾಟಿನ ಎರಡು ಬಿಳಿ ಟ್ಯೂಬ್ ಕಟ್ಟಿದ್ದೇನೆ (4 ಅಡಿಯವು, 6500ಕೆ ಅಂದರೆ ಹಗಲಿನಂಥ ಬಿಳುಪು). ದಿನಕ್ಕೆ 18 ಗಂಟೆ ಉರಿಯುತ್ತವೆ. ಮೊಳಕೆ ಚೆನ್ನಾಗಿಯೇ ಬಂತು. ಈಗ ಮೂರು ವಾರ; ದಂಟು ಹೊಲಿಗೆ ದಾರದ ಹಾಗೆ ತೆಳ್ಳಗೆ, ಎಲೆ ತಿಳಿಹಳದಿ. ನೀರು ಚಿಮುಕಿಸಿದ ಕೂಡಲೇ ಎಲ್ಲವೂ ಒಂದೇ ಕಡೆ ಮಲಗಿಬಿಡುತ್ತವೆ. ಗಿಡ ಬೆಳೆಸಲೆಂದೇ ಮಾರುವ ನೇರಳೆ ಬಣ್ಣದ ಗ್ರೋ ಲೈಟೇ ತರಬೇಕಾ?

ತಾರಸಿತೋಟ:
ಗೊಬ್ಬರ ಸಾಲದೆ ಇರಬಹುದು ಅಕ್ಕಾ. ಒಂದು ಹಿಡಿ ಎರೆಗೊಬ್ಬರ ಹಾಕಿ, ನೀರು ಸ್ವಲ್ಪ ಜಾಸ್ತಿ ಕೊಟ್ಟು ನೋಡಿ.

ಲಕ್ಸ್‌ಲೆಕ್ಕ:
ದಯವಿಟ್ಟು ಈಗ ಎರಡನ್ನೂ ಹೆಚ್ಚಿಸಬೇಡಿ. ಬೆಳಕು ಕಡಿಮೆ ಇದ್ದರೆ ಗಿಡ ನೀರು ಎಳೆಯುವುದೂ ಕಡಿಮೆ. ಮಣ್ಣು ಒದ್ದೆಯಾಗಿಯೇ ಉಳಿದು ಬುಡ ಕೊಳೆಯುತ್ತದೆ. ನೀವು ಹೇಳಿದ್ದು ಬೆಳಕು ಸಾಲದ ಸಸಿಯ ಲಕ್ಷಣ. ಟ್ಯೂಬಿಗೂ ಎಲೆಗೂ ಎಷ್ಟು ದೂರವಿದೆ? ಫೋನಿಗೆ ಲಕ್ಸ್ (ಒಂದು ಜಾಗಕ್ಕೆ ಬೀಳುವ ಬೆಳಕಿನ ಅಳತೆ) ಅಳೆಯುವ ಆಪ್ ಹಾಕಿಕೊಂಡು, ಎಲೆಯ ಮಟ್ಟದಲ್ಲಿ ಅಂಗಾತ ಹಿಡಿದು ಎಷ್ಟು ತೋರಿಸುತ್ತದೆ ಹೇಳಿ. ಆಪ್ ಕರಾರುವಾಕ್ಕಲ್ಲ, ಆದರೆ ಹೋಲಿಸಿ ನೋಡಲು ಸಾಕು.

ಉತ್ತರಬಾಗಿಲು:
ಸುಮಾರು ಮೂರು ಅಡಿ ಸರ್. 1,300 ತೋರಿಸುತ್ತಿದೆ. ಕಣ್ಣಿಗೆ ಮಾತ್ರ ಝಗಝಗ ಅನ್ನುತ್ತೆ.

ಲಕ್ಸ್‌ಲೆಕ್ಕ:
ಈ ವಿಷಯದಲ್ಲಿ ಕಣ್ಣನ್ನು ನಂಬಲೇಬಾರದು, ಅದು ಮಬ್ಬಿಗೂ ಬಿಸಿಲಿಗೂ ಹೊಂದಿಕೊಂಡುಬಿಡುತ್ತದೆ. ಮಧ್ಯಾಹ್ನದ ನೇರ ಬಿಸಿಲು ಒಂದು ಲಕ್ಷ ಲಕ್ಸಿನ ಆಸುಪಾಸು. ಸೊಪ್ಪಿಗೆ ಅಷ್ಟು ಬೇಡ, ಬಿಳಿ ಎಲ್‌ಇಡಿಯಲ್ಲಿ 10ರಿಂದ 15 ಸಾವಿರ ಸಿಕ್ಕರೆ ದಂಟು ಗಟ್ಟಿಯಾಗುತ್ತದೆ.

ಟ್ಯೂಬುಗಳನ್ನು ಸರಪಳಿಯಲ್ಲಿ ಇಳಿಬಿಟ್ಟು, ಎಲೆಯಿಂದ ಐದಾರು ಇಂಚು ಮೇಲೆ ನಿಲ್ಲಿಸಿ. ಎರಡರ ನಡುವೆ ನಾಲ್ಕೈದು ಇಂಚು ಸಾಕು. ಎಲೆಯ ಎತ್ತರದಲ್ಲಿ ಅಂಗೈಯ ಹಿಂಬದಿಯನ್ನು ಒಂದು ನಿಮಿಷ ಹಿಡಿಯಿರಿ. ಬಿಸಿ ತಾಗದಿದ್ದರೆ ಗಿಡಕ್ಕೂ ತೊಂದರೆಯಿಲ್ಲ. ಗಿಡ ಬೆಳೆದ ಹಾಗೆ ಒಂದೊಂದೇ ಕೊಂಡಿ ಮೇಲಕ್ಕೆ ಹಾಕುತ್ತಾ ಹೋಗಿ. ಶೆಲ್ಫಿನ ಮೂರೂ ಬದಿಗೆ, ಟ್ಯೂಬಿಗೆ ತಾಗದಂತೆ, ಬಿಳಿ ಥರ್ಮಕೋಲ್ ನಿಲ್ಲಿಸಿದರೆ ಪಕ್ಕಕ್ಕೆ ಪೋಲಾಗುವ ಬೆಳಕು ಗಿಡಕ್ಕೇ ವಾಪಸ್ ಬರುತ್ತದೆ. ನೀರು ಹಾಕುವಾಗ ಸ್ವಿಚ್ ಆಫ್ ಮಾಡುವುದನ್ನು ಮರೆಯಬೇಡಿ.

ಇನ್ನು 18 ಗಂಟೆ ಬೇಡ. ಹಗಲು ಉದ್ದವಾದಷ್ಟೂ ಕೊತ್ತಂಬರಿ ಬೇಗ ಹೂವಿಗೆ ಹೋಗುತ್ತದೆ, ಸೊಪ್ಪು ಸಿಗುವುದಿಲ್ಲ. ಟೈಮರ್ ಹಾಕಿ 14 ಗಂಟೆಗೆ ನಿಲ್ಲಿಸಿ. 40 ವ್ಯಾಟ್ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 17 ಯೂನಿಟ್ ಆಗುತ್ತದೆ. ಈಗ ಹತ್ತಿರಹತ್ತಿರ 22 ಹೋಗುತ್ತಿದೆ.

ನೇರಳೆ ದೀಪಕ್ಕೆ ದುಡ್ಡು ಹಾಕಬೇಡಿ. ಬಿಳಿ ಎಲ್‌ಇಡಿ ಅಂದರೆ ನೀಲಿ ಬೆಳಕು ಕೊಡುವ ಚಿಪ್ ಮೇಲೆ, ಆ ನೀಲಿಯಲ್ಲಿ ಒಂದಷ್ಟನ್ನು ಬೇರೆ ಬಣ್ಣಗಳಾಗಿ ಬದಲಿಸುವ ಫಾಸ್ಫರ್ ಎಂಬ ಪುಡಿಯ ಲೇಪ. ನೀಲಿ, ಹಸಿರು, ಕೆಂಪು ಮೂರೂ ಅದರಲ್ಲೇ ಇವೆ. ನೇರಳೆ ಬೆಳಕಿನಲ್ಲಿ ಎಲೆ ಹಳದಿಯಾಗಿದ್ದರೂ ಗೊತ್ತಾಗುವುದಿಲ್ಲ. ಲಕ್ಸ್ ಆಪ್ ಮನುಷ್ಯರ ಕಣ್ಣಿನ ಲೆಕ್ಕದ್ದಾದ್ದರಿಂದ ಅಲ್ಲಿ ಅದೂ ಕೆಲಸಕ್ಕೆ ಬಾರದು.

ತಾರಸಿತೋಟ:
ನಾನು ಹೇಳಿದ್ದು ತಪ್ಪಾಯಿತು, ಬಿಸಿಲಿನ ತಾರಸಿಯ ಅಭ್ಯಾಸ. ಬಾಗಿದ ಸಸಿ ಚೇತರಿಸಿಕೊಳ್ಳುತ್ತಾ ಸರ್?

ಲಕ್ಸ್‌ಲೆಕ್ಕ:
ಒಮ್ಮೆ ಸಣಕಲಾದ ದಂಟು ದಪ್ಪವಾಗುವುದಿಲ್ಲ. ಮೆಂತ್ಯ ಕತ್ತರಿಸಿ ಅಡುಗೆಗೆ ಬಳಸಿ. ಕೊತ್ತಂಬರಿ ಹೊಸದಾಗಿ ಬಿತ್ತಿ. ಬೀಜವನ್ನು ಎರಡು ಹೋಳಾಗುವಂತೆ ಮೆಲ್ಲಗೆ ಉಜ್ಜಿ, ರಾತ್ರಿ ನೆನೆಸಿಡಿ. ಮೊಳಕೆ ಕಂಡ ದಿನವೇ ಟ್ಯೂಬ್ ಕೆಳಗಿಳಿದಿರಬೇಕು. ದಂಟು ಉದ್ದ ಓಡುವುದು ಆ ಮೊದಲ ಕೆಲವು ದಿನಗಳಲ್ಲೇ.

ಉತ್ತರಬಾಗಿಲು:
ಒಂದು ತಿಂಗಳಾಯಿತು, ಹೇಳಿಹೋಗೋಣ ಅಂತ ಬಂದೆ. ಐದು ಇಂಚಿಗೆ ಇಳಿಸಿ ಥರ್ಮಕೋಲ್ ನಿಲ್ಲಿಸಿದ ಮೇಲೆ ಆಪ್ 12,000 ತೋರಿಸಿತು. ಹೊಸ ಕೊತ್ತಂಬರಿ ಮೂರು ಇಂಚಿದೆ, ನೀರು ಬಿದ್ದರೂ ನೆಟ್ಟಗೆ ನಿಲ್ಲುತ್ತದೆ. ಬುಡದ ದಂಟಿಗೆ ತಿಳಿಗೆಂಪು ಬಣ್ಣ ಬಂದಿದೆ. ಟ್ರೇಯ ಎರಡು ತುದಿಗಳಲ್ಲಿ ಮಾತ್ರ ಇನ್ನೂ ಸ್ವಲ್ಪ ತೆಳು.

ಲಕ್ಸ್‌ಲೆಕ್ಕ:
ಟ್ಯೂಬಿನ ತುದಿಗಳಲ್ಲಿ ಬೆಳಕು ಕಡಿಮೆಯೇ. ವಾರಕ್ಕೊಮ್ಮೆ ತುದಿಯ ಕುಂಡಗಳನ್ನು ನಡುವಿಗೆ ತನ್ನಿ, ನಡುವಿನವನ್ನು ತುದಿಗೆ ಇಡಿ.