ಪ್ಯಾಟರ್ನ್ ಬಿಟ್ಟು ನಮ್ಮದೇ ಅಳತೆಗೆ ಹೆಣೆಯುವುದು ಹೇಗೆ?

ಪ್ರಶ್ನೆ (ಬದಿಯಡ್ಕ):
ಪ್ಯಾಟರ್ನ್ (ಹೆಣಿಗೆಯ ಲೆಕ್ಕ ಬರೆದ ಹಾಳೆ) ನೋಡಿ ಹೆಣೆದರೆ ಸರಿಯಾಗುತ್ತದೆ. ಆದರೆ ಅದರಲ್ಲಿರುವುದು ಉಲ್ಲನ್ ಲೆಕ್ಕ, ನಮ್ಮ ಸೆಕೆಗೆ ಹತ್ತಿ ನೂಲೇ ಬೇಕು. ಎದೆ ಸುತ್ತಳತೆ 60 ಸೆಂ.ಮೀ. ಇರುವ ಮಗುವಿನ ತೋಳಿಲ್ಲದ ಅಂಗಿಗೆ ಕಡ್ಡಿಯ ಮೇಲೆ ಎಷ್ಟು ಕುಣಿಕೆ ಹಾಕಬೇಕು? ನಡುವೆ ತಪ್ಪಿದರೆ ಪೂರ್ತಿ ಬಿಚ್ಚಬೇಕಾ?

ಉತ್ತರ (ಕುಂಬಳೆ):
ಮೊದಲು ಮಾದರಿ ತುಂಡು, ಅಕ್ಕ. 30 ಕುಣಿಕೆ, 40 ಸಾಲು. ತೊಳೆದು, ಹಾಸಿ ಒಣಗಿಸಿ, ಅಂಚು ಬಿಟ್ಟು ನಡುವಿನ 10 ಸೆಂ.ಮೀ.ನಲ್ಲಿ ಎಷ್ಟಿದೆ ಎಣಿಸಿ. ಆಟಿ ತಿಂಗಳ ಮಳೆಯಲ್ಲಿ ಹತ್ತಿ ಬೇಗ ಆರುವುದಿಲ್ಲ. ಒದ್ದೆಯಲ್ಲಿ ಅಳೆದರೆ ಲೆಕ್ಕ ಕೆಡುತ್ತದೆ, ಕಾಯಿರಿ. 22 ಕುಣಿಕೆ ಬಂತು ಅನ್ನಿ, ಸೆಂಟಿಮೀಟರಿಗೆ 2.2. ಸುತ್ತಳತೆ 60ಕ್ಕೆ ಸಡಿಲಕ್ಕೆಂದು 6 ಸೇರಿಸಿ: 66 × 2.2 = 145.2. ಎರಡು ಸೀದಾ ಕುಣಿಕೆ, ಎರಡು ಉಲ್ಟಾ ಕುಣಿಕೆ ಬರುವ ಅಂಚನ್ನು ಸುತ್ತ ಹೆಣೆಯಲು 4ರಿಂದ ಭಾಗವಾಗಬೇಕಲ್ಲ, ಹಾಗಾಗಿ 144 ಹಾಕಿ. ಈ ಒಂದು ಲೆಕ್ಕ ಕೈಗೆ ಬಂದರೆ ಯಾವ ನೂಲಾದರೂ ಹೆದರಿಕೆಯಿಲ್ಲ.

ಉತ್ತರ (ಮಂಜೇಶ್ವರ):
ಉಣ್ಣೆ ಎಳೆದರೆ ಮತ್ತೆ ಕುಗ್ಗುತ್ತದೆ, ಹತ್ತಿ ಹಾಗಲ್ಲ. ಅಂಚಿಗೆ ಅರ್ಧ ಮಿ.ಮೀ. ಸಣ್ಣ ಕಡ್ಡಿ ಹಿಡಿಯಿರಿ, ಇಲ್ಲದಿದ್ದರೆ ಜೋಲುತ್ತದೆ.
ಒಂದು ಕುಣಿಕೆ ಜಾರಿದರೆ ಬಿಚ್ಚುವುದೇ ಬೇಡ. ಕ್ರೋಶಾ ಕಡ್ಡಿಯಿಂದ ಏಣಿಯ ಮೆಟ್ಟಿಲಿನಂಥ ಅಡ್ಡ ನೂಲುಗಳನ್ನು ಕೆಳಗಿನಿಂದ ಒಂದೊಂದಾಗಿ ಕುಣಿಕೆಯೊಳಗೆ ಎಳೆಯುತ್ತ ಮೇಲೆ ತನ್ನಿ. ಕುತ್ತಿಗೆ ಭಾಗ ಶುರುಮಾಡುವ ಮುಂಚೆ ಬೇರೆ ಬಣ್ಣದ ತೆಳು ದಾರವನ್ನು ಎಲ್ಲ ಕುಣಿಕೆಗಳಲ್ಲಿ ಪೋಣಿಸಿಡಿ. ಆಮೇಲೆ ಬಿಚ್ಚಿದರೂ ಅಲ್ಲಿಗೇ ನಿಲ್ಲುತ್ತದೆ.

ಬದಿಯಡ್ಕ:
ಅಂಗಿಯ ಮೈಗೆ 4 ಮಿ.ಮೀ. ಕಡ್ಡಿ. ಅಂಚಿಗೆ 3.5 ಸಾಕಾ?

ಮಂಜೇಶ್ವರ:
ಸಾಕು. ಮಾದರಿ ತುಂಡು ಮಾತ್ರ 4ರಲ್ಲೇ ಹೆಣೆಯಿರಿ.